ಪೇಪರ್ ನೋಡಿ ಸುದ್ದಿ ತಿಳಿದ ರಾಜ: 1914ಕ್ಕೆ ಮುಂಚೆ ಬ್ರಿಟಿಷ್ ಅರಮನೆಗೂ ಸೇನೆಗೂ ಇದ್ದ ನಂಟು

(ಒಂದು ಸಂಜೆ ಆಡಿದ ಮಾತುಗಳನ್ನು ಓದಲು ಅನುಕೂಲವಾಗುವಂತೆ ಸ್ವಲ್ಪ ತಿದ್ದಿ ಬರೆದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1914ರ ಮಾರ್ಚ್ 21, ಶನಿವಾರ. ಬ್ರಿಟನ್ನಿನ ರಾಜ ಐದನೇ ಜಾರ್ಜ್ ಬೆಳಗಿನ ಪೇಪರ್ ಬಿಡಿಸಿದ. ಐರ್ಲೆಂಡಿನಲ್ಲಿ, ಡಬ್ಲಿನ್ ಹತ್ತಿರದ ಕರ್ರಾ ಎಂಬ ಸೇನಾ ಶಿಬಿರದಲ್ಲಿ ಕುದುರೆ ದಳದ ಅಧಿಕಾರಿಗಳು ರಾಜೀನಾಮೆಗೆ ನಿಂತಿದ್ದಾರೆ ಅಂತ ಸುದ್ದಿ ಇತ್ತು. ಸೇನೆಯ ಮುಖ್ಯಸ್ಥ ಯಾರು? ಕಾಗದದ ಮೇಲೆ ಇವನೇ. ಪ್ರತಿಯೊಬ್ಬ ಸಿಪಾಯಿಯೂ ಪ್ರಮಾಣ ಮಾಡುವುದು ಇವನ ಹೆಸರಿನಲ್ಲೇ. ಆದರೆ ವಿಷಯ ಇವನಿಗೆ ಗೊತ್ತಾದದ್ದು ಬೀದಿಯಲ್ಲಿ ಪೇಪರ್ ಕೊಂಡವನಿಗೆ ಗೊತ್ತಾದ ಹೊತ್ತಿಗೆ. ಪ್ರಧಾನಿ ಆಸ್ಕ್ವಿತ್‌ಗೆ ಅವತ್ತೇ ಪತ್ರ ಬರೆದು, ಇದೇನು ಕಥೆ, ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟು ತೋರಿಸಿದ.

ಅಲ್ಲಿಂದ ನಾಲ್ಕೂವರೆ ತಿಂಗಳಿಗೆ ಮೊದಲನೇ ಮಹಾಯುದ್ಧ ಶುರುವಾಯಿತು.

ಇವತ್ತು ನಾನು ಯುದ್ಧದ ಬಗ್ಗೆ ಮಾತಾಡುವುದಿಲ್ಲ. ಅದಕ್ಕೆ ಮುಂಚಿನ ಅರುವತ್ತು ಎಪ್ಪತ್ತು ವರ್ಷದಲ್ಲಿ ಅರಮನೆಗೂ ಸೇನೆಗೂ ಎಂಥ ನಂಟಿತ್ತು ಅಂತ ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಆ ನಂಟಿನಲ್ಲಿ ಅಧಿಕಾರ ಕಡಿಮೆ, ಸಲಿಗೆ ಜಾಸ್ತಿ. ವರ್ಷ ಕಳೆದಂತೆ ಅಧಿಕಾರ ಸೋರಿಹೋಯಿತು, ಸಲಿಗೆ ಹಾಗೇ ಉಳಿಯಿತು. ಅಧಿಕಾರಕ್ಕಾದರೆ ಒಂದು ಲೆಕ್ಕಪತ್ರ ಇರುತ್ತದೆ, ಕೇಳುವವರು ಇರುತ್ತಾರೆ. ಊಟದ ಮೇಜಿನ ಮೇಲೆ ನಡೆಯುವ ಮಾತಿಗೆ ಯಾರು ಲೆಕ್ಕ ಇಡುತ್ತಾರೆ?

ಮೊದಲು ಒಂದು ಸಣ್ಣ ಒಗಟು. ಬ್ರಿಟನ್ನಿನ ನೌಕಾಪಡೆಯ ಹೆಸರು ರಾಯಲ್ ನೇವಿ. 1918ರಲ್ಲಿ ಹುಟ್ಟಿದ ವಾಯುಪಡೆ ರಾಯಲ್ ಏರ್ ಫೋರ್ಸ್. ಭೂಸೇನೆಗೆ ಮಾತ್ರ ‘ರಾಯಲ್’ ಇಲ್ಲ. ಅದು ಬರೀ ಬ್ರಿಟಿಷ್ ಆರ್ಮಿ. ಇದಕ್ಕೆ ಕೊಡುವ ಕಾರಣಗಳು ಬೇರೆ ಬೇರೆ ಇವೆ, ಆದರೆ ಎಲ್ಲರೂ ಕೊನೆಗೆ ಬೆರಳು ತೋರಿಸುವುದು 1600ರ ದಶಕಗಳ ಕಡೆಗೆ. ಸೇನಾನಾಯಕ ಕ್ರಾಮ್‌ವೆಲ್ ಸಿಪಾಯಿಗಳನ್ನು ಕರೆತಂದು ಪಾರ್ಲಿಮೆಂಟಿನವರನ್ನೇ ಹೊರಗಟ್ಟಿದ್ದ. ಆಮೇಲೆ ಬಂದ ಎರಡನೇ ಜೇಮ್ಸ್ ಲಂಡನ್ನಿನ ಪಕ್ಕದ ಹೌನ್ಸ್ಲೋ ಬಯಲಿನಲ್ಲಿ ದೊಡ್ಡ ಸೇನೆಯನ್ನು ತಂದು ಕೂರಿಸಿದ. ಜನಕ್ಕೆ ಸೇನೆ ಅಂದರೆ ಸಾಕಾಗಿಹೋಗಿತ್ತು. ಹಾಗಾಗಿ 1689ರ ಹಕ್ಕುಗಳ ಮಸೂದೆಯಲ್ಲಿ ಒಂದು ಸಾಲು ಸೇರಿತು: ಪಾರ್ಲಿಮೆಂಟ್ ಒಪ್ಪದೆ ಶಾಂತಿಕಾಲದಲ್ಲಿ ರಾಜ ಸೇನೆ ಇಟ್ಟುಕೊಳ್ಳುವಂತಿಲ್ಲ. ಆ ಒಪ್ಪಿಗೆಯೂ ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳುವಂಥದ್ದಲ್ಲ. ಸೇನೆಯ ಶಿಸ್ತಿನ ಕಾನೂನನ್ನು ಆಗ ವರ್ಷ ವರ್ಷವೂ ಪಾರ್ಲಿಮೆಂಟ್ ಹೊಸದಾಗಿ ಪಾಸು ಮಾಡಬೇಕಿತ್ತು. ಅಂಗಡಿ ಲೈಸೆನ್ಸ್ ನವೀಕರಿಸುತ್ತೇವಲ್ಲ, ಹಾಗೆ. ಒಂದು ವರ್ಷ ತಪ್ಪಿದರೆ ಸಿಪಾಯಿಗೆ ಶಿಕ್ಷೆ ಕೊಡುವ ಹಕ್ಕೇ ಹೋಯಿತು.

ಆದರೆ ಅಧಿಕಾರಿಗೆ ನೇಮಕದ ಪತ್ರ ಬರುವುದು ರಾಜನಿಂದ. ಆಣೆ ಇಡುವುದು ರಾಜನ ಮೇಲೆ. ಅನ್ನ ಪಾರ್ಲಿಮೆಂಟಿನದು, ಆಣೆ ರಾಜನದು. ಈ ಎರಡರ ನಡುವೆ ಒಂದು ಬಿರುಕು ಇತ್ತು. ಮಾಮೂಲಿ ದಿನಗಳಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಡೀ ಸೇನೆಗೆ ರಾಯಲ್ ಇಲ್ಲದಿದ್ದರೂ ಅದರೊಳಗಿನ ರೆಜಿಮೆಂಟುಗಳಿಗೆ ಭರ್ತಿ ಇತ್ತು. ರಾಯಲ್ ಆರ್ಟಿಲರಿ, ಕಿಂಗ್ಸ್ ರಾಯಲ್ ರೈಫಲ್ಸ್, ಕ್ವೀನ್ಸ್ ಓನ್ ಹುಸಾರ್ಸ್, ಹೀಗೆ. ನಮ್ಮ ಬೆಂಗಳೂರಿನಲ್ಲೇ ನೋಡಿ. 1834ರಿಂದ ಇಲ್ಲಿ ನೆಲೆ ನಿಂತಿರುವ ಮದ್ರಾಸ್ ಸ್ಯಾಪರ್ಸ್ ಪಡೆಗೆ 1876ರಲ್ಲಿ ‘ಕ್ವೀನ್ಸ್ ಓನ್’ ಎಂಬ ಬಿರುದು ಬಂತು. ಅದು ಬ್ರಿಟಿಷರ ಭಾರತೀಯ ಸೇನೆ, ಬೇರೆ ಸೇನೆ ನಿಜ. ಆದರೆ ಉಪಾಯ ಒಂದೇ. ಖಜಾನೆಗೆ ಒಂದು ಪೈಸೆ ಖರ್ಚಿಲ್ಲ, ಇಡೀ ಪಡೆಗೆ ‘ನಾವು ರಾಣಿಯವರು’ ಎಂಬ ಹೆಮ್ಮೆ. ಬಿರುದು ಹಂಚುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ ಬಿಡಿ.

ಈಗ ವಿಕ್ಟೋರಿಯಾ ರಾಣಿ. ತಂದೆ ಕೆಂಟ್ ಡ್ಯೂಕ್ ಸೈನ್ಯದಲ್ಲಿದ್ದವನು. ಸೈನಿಕನ ಮಗಳು ಎಂಬ ಹೆಮ್ಮೆ ಆಕೆಗೆ ಬಹಳ ಇತ್ತು. ಆಕೆಯ ಕಾಲದಲ್ಲಿ ಪ್ರತಿಯೊಬ್ಬ ಅಧಿಕಾರಿಯ ನೇಮಕ ಪತ್ರಕ್ಕೂ ರಾಣಿಯೇ ಕೈಯಾರೆ ಸಹಿ ಹಾಕುವುದು ರೂಢಿ. ಸಾವಿರಾರು ಪತ್ರಗಳು ಸಹಿಗಾಗಿ ಕಾದು ಬಿದ್ದವು. 1861ರ ಕೊನೆಗೆ ಗಂಡ ಆಲ್ಬರ್ಟ್ ತೀರಿಕೊಂಡ, ಆಕೆ ದುಃಖದಲ್ಲಿ ಮುಳುಗಿದಳು. ಕೊನೆಗೆ 1862ರಲ್ಲಿ, ರಾಣಿಯ ಸಹಿ ಇಲ್ಲದೆಯೂ ಪತ್ರ ಕೊಡಬಹುದು ಅಂತ ಒಂದು ಕಾನೂನನ್ನೇ ಮಾಡಬೇಕಾಯಿತು. ಸಹಿ ಎಂಬುದು ಬರೀ ಶಾಸ್ತ್ರ ಅನ್ನಿಸಬಹುದು. ಆದರೆ ಹದಿನೆಂಟು ವರ್ಷದ ಹುಡುಗನೊಬ್ಬ ರಾಣಿಯೇ ಸಹಿ ಮಾಡಿದ ಕಾಗದವನ್ನು ಮನೆಯ ಗೋಡೆಗೆ ನೇತುಹಾಕಿಕೊಂಡರೆ, ಅವನ ಮನಸ್ಸಿನಲ್ಲಿ ಯಜಮಾನ ಯಾರು? ಪಾರ್ಲಿಮೆಂಟ್ ಅಂತೂ ಅಲ್ಲ, ಅಲ್ವಾ?

1857ರ ಜೂನ್ 26ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಆಕೆ ಕುದುರೆ ಮೇಲೆ ಕೂತೇ 62 ಜನರ ಎದೆಗೆ ವಿಕ್ಟೋರಿಯಾ ಕ್ರಾಸ್ ಚುಚ್ಚಿದಳು. ಯುದ್ಧದಲ್ಲಿ ಶೌರ್ಯ ತೋರಿದವರಿಗೆ ಕೊಡುವ ಆ ಪದಕ ಆಗ ಹೊಸದು. ಸಾಮಾನ್ಯ ಸಿಪಾಯಿಗೂ ಜನರಲ್‌ಗೂ ಒಂದೇ ಪದಕ, ಅದಕ್ಕೆ ರಾಣಿಯ ಹೆಸರು. ಈ ಪದಕದ ಮಾತು ನೆನಪಿಟ್ಟುಕೊಳ್ಳಿ, ಕರ್ರಾ ಕಥೆಯಲ್ಲಿ ಮತ್ತೆ ಬರುತ್ತದೆ.

ಸೇನೆಯ ಕಮಾಂಡರ್-ಇನ್-ಚೀಫ್ ಯಾರು ಗೊತ್ತೇ? ರಾಣಿಯ ಚಿಕ್ಕಪ್ಪನ ಮಗ, ಕೇಂಬ್ರಿಜ್ ಡ್ಯೂಕ್ ಜಾರ್ಜ್. 1856ರಲ್ಲಿ ಕುರ್ಚಿಯಲ್ಲಿ ಕೂತವನು ಎದ್ದದ್ದು 1895ರಲ್ಲಿ. ಮೂವತ್ತೊಂಬತ್ತು ವರ್ಷ! ಮನುಷ್ಯ ಕೆಟ್ಟವನಲ್ಲ, ಸಿಪಾಯಿಗಳ ಕಷ್ಟಸುಖ ವಿಚಾರಿಸುತ್ತಿದ್ದ. ಆದರೆ ಹೊಸದು ಅಂದರೆ ಆಗುತ್ತಿರಲಿಲ್ಲ. ಅವನ ಕಚೇರಿ ಇದ್ದದ್ದು ಹಾರ್ಸ್ ಗಾರ್ಡ್ಸ್ ಎಂಬ ಹಳೆಯ ಕಟ್ಟಡದಲ್ಲಿ. ಮಂತ್ರಿಯ ವಾರ್ ಆಫೀಸ್ ಇದ್ದದ್ದು ಪಾಲ್ ಮಾಲ್ ರಸ್ತೆಯಲ್ಲಿ. ಎರಡು ಕಟ್ಟಡ, ಎರಡು ಯಜಮಾನಿಕೆ. ಗ್ಲ್ಯಾಡ್‌ಸ್ಟನ್ ಸರ್ಕಾರದ ಯುದ್ಧಮಂತ್ರಿ ಕಾರ್ಡ್‌ವೆಲ್ ಇದನ್ನು ಸರಿಮಾಡಲು ಹೊರಟ. ಡ್ಯೂಕ್ ಮಂತ್ರಿಯ ಕೈಕೆಳಗೆ ಅಂತ 1870ರಲ್ಲಿ ಆದೇಶವಾಯಿತು, ರಾಣಿ ಒಲ್ಲದ ಮನಸ್ಸಿನಿಂದ ಸಹಿ ಹಾಕಿದಳು. ಮಾರನೇ ವರ್ಷ ಡ್ಯೂಕ್ ಗಂಟುಮೂಟೆ ಕಟ್ಟಿ ಪಾಲ್ ಮಾಲ್‌ಗೆ ಬರಬೇಕಾಯಿತು. ಬಂದ. ಬಂದು ತನ್ನ ಪತ್ರಗಳ ಮೇಲೆ ವಿಳಾಸ ಏನು ಹಾಕಿದ ಅಂತೀರಿ? ‘ಹಾರ್ಸ್ ಗಾರ್ಡ್ಸ್, ಪಾಲ್ ಮಾಲ್’! ಮನೆ ಬದಲಾದರೂ ಬೋರ್ಡು ಬದಲಾಯಿಸದವರನ್ನು ನಾವೂ ನೋಡಿದ್ದೇವಲ್ಲ.

1871ರ ಇನ್ನೊಂದು ಘಟನೆ ನನಗೆ ಬಹಳ ಇಷ್ಟ. ಆವರೆಗೆ ಬ್ರಿಟಿಷ್ ಸೇನೆಯ ಕಾಲಾಳು ಮತ್ತು ಕುದುರೆ ಪಡೆಗಳಲ್ಲಿ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಲಂಚ ಅಲ್ಲ, ರಾಜಾರೋಷವಾಗಿ, ದರಪಟ್ಟಿ ಸಮೇತ. ಕಾರ್ಡ್‌ವೆಲ್ ಇದನ್ನು ನಿಲ್ಲಿಸಲು ಮಸೂದೆ ತಂದ. ಶ್ರೀಮಂತರ ಮನೆಯಾದ ಲಾರ್ಡ್ಸ್ ಸಭೆ ಅಡ್ಡಗಾಲು ಹಾಕಿತು. ಆಗ ಉದಾರವಾದಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಏನು ಮಾಡಿದ? ನೇರ ರಾಣಿಯ ಹತ್ತಿರ ಹೋದ. ಹುದ್ದೆ ಮಾರುವುದು ನಡೆದು ಬಂದಿದ್ದೇ ರಾಜಾಜ್ಞೆಯ ಮೇಲೆ, ಹಾಗಾಗಿ ಅದನ್ನು ರದ್ದು ಮಾಡಲು ಇನ್ನೊಂದು ರಾಜಾಜ್ಞೆ ಸಾಕು ಎಂದ. ರಾಣಿ ಸಹಿ ಹಾಕಿದಳು. ಸಿಂಹಾಸನದ ಹಳೇ ಅಧಿಕಾರವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಶ್ರೀಮಂತರ ವಿರುದ್ಧವೇ ಬಳಸಿದವನು ಒಬ್ಬ ಜನಪ್ರತಿನಿಧಿ. ರಾಜಾಧಿಕಾರ ಅಂದರೆ ಆ ಹೊತ್ತಿಗಾಗಲೇ ಹೀಗೆ ಆಗಿತ್ತು: ಬಂದೂಕು ರಾಣಿಯದು, ಅದರ ಟ್ರಿಗರ್ ಎಳೆಯುವ ಬೆರಳು ಮಂತ್ರಿಯದು.

ದುಡ್ಡು ಕೊಟ್ಟು ಕೊಳ್ಳುವುದೇನೋ ನಿಂತಿತು. ಆದರೆ ಒಳ್ಳೆಯ ರೆಜಿಮೆಂಟಿನಲ್ಲಿ ಅಧಿಕಾರಿಯಾಗಿ ಬರೀ ಸಂಬಳದ ಮೇಲೆ ಬದುಕಲು ಆಗುತ್ತಿರಲಿಲ್ಲ. ಕುದುರೆ, ಸಮವಸ್ತ್ರ, ಮೆಸ್ಸಿನ ಬಿಲ್ಲು, ಪೋಲೋ. ಮನೆಯಿಂದ ದುಡ್ಡು ಬರಲೇಬೇಕು. ಹೀಗಾಗಿ ಜಮೀನುದಾರರ, ಶ್ರೀಮಂತರ ಮಕ್ಕಳೇ ಅಲ್ಲಿ ತುಂಬಿದ್ದರು. ಅವರ ಅಕ್ಕ ತಂಗಿಯರು ಅರಮನೆಯಲ್ಲಿ ರಾಣಿಯ ಸಖಿಯರು. ಅವರ ಮಾವಂದಿರು ಲಾರ್ಡ್ಸ್ ಸಭೆಯಲ್ಲಿ. ಅರಮನೆ ಮತ್ತು ಸೇನೆ ಎರಡು ಸಂಸ್ಥೆ ಅಂತ ನಾವು ಬರೆಯುತ್ತೇವೆ. ನಿಜಕ್ಕೂ ಅದು ಒಂದೇ ನೆಂಟಸ್ತಿಕೆ.

ಡ್ಯೂಕ್ ಕಥೆ ಮುಗಿಸಿಬಿಡುತ್ತೇನೆ. 1895ರ ಹೊತ್ತಿಗೆ ಅವನಿಗೆ ಎಪ್ಪತ್ತಾರು. ಯುದ್ಧಮಂತ್ರಿ ಕ್ಯಾಂಬೆಲ್-ಬ್ಯಾನರ್ಮನ್ ಬಹಳ ನಾಜೂಕಾಗಿ, ರಾಣಿಯನ್ನೂ ಒಪ್ಪಿಸಿ, ಡ್ಯೂಕನ ನಿವೃತ್ತಿಗೆ ದಾರಿ ಮಾಡಿದ. ಜೂನ್ 21ರಂದು ಪಾರ್ಲಿಮೆಂಟಿನಲ್ಲಿ ಅದನ್ನು ಘೋಷಿಸಿದ. ಎಲ್ಲರೂ ಭೇಷ್ ಎಂದರು. ಅದೇ ಸಂಜೆ, ಸೇನೆಯಲ್ಲಿ ಕಾರ್ಡೈಟ್ ಎಂಬ ಮದ್ದಿನ ದಾಸ್ತಾನು ಸಾಲದು ಎಂಬ ನೆಪದ ಮೇಲೆ ವಿರೋಧಿಗಳು ಮತಕ್ಕೆ ಹಾಕಿಸಿದರು. ಸರ್ಕಾರ 7 ಮತದಿಂದ ಸೋತಿತು, ರಾಜೀನಾಮೆ ಕೊಟ್ಟಿತು. ಡ್ಯೂಕನನ್ನು ಮನೆಗೆ ಕಳಿಸಿದ ದಿನವೇ ಮಂತ್ರಿಯೂ ಮನೆಗೆ. ಆ ಜಾಗಕ್ಕೆ ತನ್ನ ಮಗ ಕನಾಟ್ ಡ್ಯೂಕ್ ಆರ್ಥರ್ ಬರಲಿ ಅಂತ ರಾಣಿಯ ಆಸೆ. ಆಗಲಿಲ್ಲ, ಸೇನಾನಿ ವುಲ್ಸ್ಲಿ ಬಂದ. ರಾಜಮನೆತನದವರು ಸೇನೆಯ ತಲೆಯ ಮೇಲೆ ಕೂರುವ ಕಾಲ ಅಲ್ಲಿಗೆ ಮುಗಿಯಿತು.

ಆಮೇಲೆ ಬೋಯರ್ ಯುದ್ಧ. ದಕ್ಷಿಣ ಆಫ್ರಿಕಾದ ರೈತರ ಕೈಯಲ್ಲಿ ಬ್ರಿಟಿಷ್ ಸೇನೆ ಮುಖಭಂಗ ಅನುಭವಿಸಿತು. ರಾಣಿ 1900ರ ಹೊಸವರ್ಷಕ್ಕೆ ಸಿಪಾಯಿಗಳಿಗೆ ತನ್ನ ಚಿತ್ರವಿದ್ದ ಡಬ್ಬಿಯಲ್ಲಿ ಚಾಕೊಲೇಟ್ ಕಳಿಸಿದಳು. ಎಷ್ಟೋ ಜನ ಚಾಕೊಲೇಟ್ ತಿನ್ನದೆ ಡಬ್ಬಿಯನ್ನು ಊರಿಗೆ ಕಳಿಸಿಬಿಟ್ಟರು. 1901ರ ಜನವರಿಯಲ್ಲಿ ಆಕೆ ತೀರಿಕೊಂಡಳು.

ಮಗ ಏಳನೇ ಎಡ್ವರ್ಡ್‌ಗೆ ಸಮವಸ್ತ್ರ ಮತ್ತು ಪದಕಗಳ ಹುಚ್ಚು. ಯಾರಾದರೂ ಪದಕವನ್ನು ಸ್ವಲ್ಪ ಅತ್ತಿತ್ತ ಹಾಕಿಕೊಂಡು ಬಂದರೆ ತಕ್ಷಣ ಕಣ್ಣಿಗೆ ಬೀಳುತ್ತಿತ್ತು. ಅದನ್ನೇ ಹೇಳಿ ನಗುವವರು ಜಾಸ್ತಿ. ನನಗನ್ನಿಸುವುದು ಬೇರೆ. ಅವನ ಕಾಲದಲ್ಲೇ ಸೇನೆಯ ಸುಧಾರಣೆ ಆದದ್ದು, ಮತ್ತು ಅದರಲ್ಲಿ ಅರಮನೆಯ ಕೈ ಸಣ್ಣದಲ್ಲ.

ಇಲ್ಲಿ ಒಬ್ಬ ವಿಚಿತ್ರ ಮನುಷ್ಯ ಬರುತ್ತಾನೆ. ರೆಜಿನಾಲ್ಡ್ ಬ್ರೆಟ್, ಅಂದರೆ ಲಾರ್ಡ್ ಈಶರ್. 1903ರಲ್ಲಿ ಯುದ್ಧಮಂತ್ರಿ ಆಗು ಎಂದರು, ಬೇಡ ಎಂದ. ಮುಂದೆ ಭಾರತದ ವೈಸ್‌ರಾಯ್ ಆಗು ಎಂದರು, ಅದೂ ಬೇಡ ಎಂದ. ಅವನಿಗೆ ಬೇಕಿದ್ದದ್ದು ರಾಜನ ಕಿವಿ. ರಾಜನಿಗೆ ಪತ್ರ ಬರೆಯುತ್ತಿದ್ದ, ಪ್ರಧಾನಿಗೆ ಬರೆಯುತ್ತಿದ್ದ, ಜನರಲ್‌ಗಳಿಗೆ ಬರೆಯುತ್ತಿದ್ದ. ಯಾರಿಗೂ ಉತ್ತರ ಕೊಡಬೇಕಾದ ಹುದ್ದೆಯಲ್ಲಿ ಇರಲಿಲ್ಲ. ಸಲಿಗೆ ಅಂದೆನಲ್ಲ, ಅದು ಮನುಷ್ಯರೂಪ ತಾಳಿ ಬಂದರೆ ಈಶರ್ ಥರ ಇರುತ್ತದೆ.

ಇವನ ಅಧ್ಯಕ್ಷತೆಯಲ್ಲಿ ಮೂರು ಜನರ ಸಮಿತಿ ಆಯಿತು. ಇನ್ನಿಬ್ಬರು ನೌಕಾಪಡೆಯ ಫಿಶರ್ ಮತ್ತು ಸರ್ ಜಾರ್ಜ್ ಕ್ಲಾರ್ಕ್. ಈ ಕ್ಲಾರ್ಕ್ ಮುಂದೆ 1907ರಿಂದ 1913ರವರೆಗೆ ಮುಂಬಯಿ ಗವರ್ನರ್ ಆಗಿದ್ದ. ಅಂದರೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರದ ಅಜ್ಜಂದಿರು ಇವನ ಆಡಳಿತದಲ್ಲೇ ಇದ್ದವರು. ಸಮಿತಿ 1904ರಲ್ಲಿ ಕಮಾಂಡರ್-ಇನ್-ಚೀಫ್ ಹುದ್ದೆಯನ್ನೇ ಕಿತ್ತುಹಾಕಿಸಿತು. ಬದಲಿಗೆ ಆರ್ಮಿ ಕೌನ್ಸಿಲ್ ಬಂತು, ಜನರಲ್ ಸ್ಟಾಫ್‌ಗೆ ಒಬ್ಬ ಮುಖ್ಯಸ್ಥ ಬಂದ. ಕಾಗದದ ಮೇಲೆ ನೋಡಿದರೆ ಅರಮನೆಗೆ ಇದು ನಷ್ಟ. ರಾಜನ ಪರವಾಗಿ ಸೇನೆ ನಡೆಸುವ ಒಬ್ಬ ಮನುಷ್ಯ ಇನ್ನಿಲ್ಲ. ಆದರೆ ಇದನ್ನು ಮಾಡಿಸಿದವನೇ ರಾಜನ ಗೆಳೆಯ!

1905ರ ಕೊನೆಗೆ ಯುದ್ಧಮಂತ್ರಿಯಾದ ಹಾಲ್ಡೇನ್ ಇನ್ನೂ ಜಾಣ. ಯುರೋಪಿಗೆ ಕಳಿಸಲು ಸಿದ್ಧವಾಗಿರುವ ಒಂದು ಸೇನೆ, ಆರು ಕಾಲಾಳು ಡಿವಿಷನ್ ಮತ್ತು ಒಂದು ಕುದುರೆ ಡಿವಿಷನ್. ಅದರ ಹಿಂದೆ ಊರೂರಿನ ಸ್ವಯಂಸೇವಕರ ಟೆರಿಟೋರಿಯಲ್ ಪಡೆ. ಈ ಎರಡನೆಯದಕ್ಕೆ ಜಿಲ್ಲೆ ಜಿಲ್ಲೆಯ ದೊಡ್ಡ ಮನುಷ್ಯರು ಕೈಹಾಕಬೇಕು. ಅವರಲ್ಲಿ ಹೆಚ್ಚಿನವರು ಹಾಲ್ಡೇನನ ಪಕ್ಷಕ್ಕೆ ಆಗದವರು. ಅದಕ್ಕೇ ಅವನು ಎಡ್ವರ್ಡ್‌ನನ್ನು ಹಿಡಿದ. 1907ರ ಅಕ್ಟೋಬರ್ 26ರಂದು ರಾಜ ಜಿಲ್ಲೆಗಳಲ್ಲಿ ತನ್ನ ಪ್ರತಿನಿಧಿಗಳಾಗಿದ್ದ ಲಾರ್ಡ್ ಲೆಫ್ಟಿನೆಂಟರನ್ನು ಅರಮನೆಗೆ ಕರೆಸಿ, ಇದು ನಿಮ್ಮ ಹೊಣೆ ಎಂದ. ಮಂತ್ರಿ ಹೇಳಿದರೆ ಮೂಗು ಮುರಿಯುವವರು ರಾಜ ಹೇಳಿದರೆ ತಲೆಯಾಡಿಸಿದರು. 1908ರ ಏಪ್ರಿಲ್ 1ಕ್ಕೆ ಪಡೆ ಶುರುವಾಯಿತು.

ಇದೇ ಸಲಿಗೆಯ ಇನ್ನೊಂದು ಮುಖ ಡಗ್ಲಸ್ ಹೇಗ್ ಎಂಬ ಸೇನಾಧಿಕಾರಿ. ಅವನ ಅಕ್ಕ ಹೆನ್ರಿಯೆಟಾಳ ಗಂಡ ವಿಸ್ಕಿ ತಯಾರಿಸುವ ಜೇಮ್ಸನ್ ಮನೆತನದವನು, ಎಡ್ವರ್ಡ್‌ನ ದೋಣಿ ಪಂದ್ಯದ ಗೆಳೆಯ. ಆ ದಾರಿಯಲ್ಲಿ ಹೇಗ್ ಅರಮನೆಗೆ ಹತ್ತಿರವಾದ. 1905ರಲ್ಲಿ ಭಾರತದಿಂದ ರಜೆಯ ಮೇಲೆ ಬಂದಾಗ ವಿಂಡ್ಸರ್ ಕೋಟೆಗೆ ರಾಜನ ಅತಿಥಿಯಾಗಿ ಹೋದ. ಅಲ್ಲಿ ರಾಣಿ ಅಲೆಕ್ಸಾಂಡ್ರಾಳ ಸಖಿಯಾಗಿದ್ದ ಡೊರೊಥಿ ವಿವಿಯನ್‌ಳನ್ನು ಕಂಡ. ಕೆಲವೇ ದಿನದಲ್ಲಿ ಮದುವೆ ಆಗುತ್ತೀಯಾ ಎಂದು ಕೇಳಿದ. ಜುಲೈ 11ಕ್ಕೆ ಮದುವೆ, ಅದೂ ಬಕಿಂಗ್‌ಹ್ಯಾಮ್ ಅರಮನೆಯ ಖಾಸಗಿ ಪ್ರಾರ್ಥನಾಮಂದಿರದಲ್ಲಿ. ಮಾರನೇ ವರ್ಷವೇ ವಾರ್ ಆಫೀಸಿನಲ್ಲಿ ಹಾಲ್ಡೇನ್ ಜೊತೆ ಕೆಲಸ. ಅದಕ್ಕೆ ಈಶರ್ ಮತ್ತು ರಾಜನ ಮಾತು ನೆರವಾಯಿತು. ಹಾಗಂತ ಹೇಗ್ ದಡ್ಡ, ಬರೀ ಶಿಫಾರಸಿನಿಂದ ಮೇಲೆ ಬಂದ ಅನ್ನುವುದು ತಪ್ಪು. ಕೆಲಸಗಾರನೇ. ಆದರೆ ಕೆಲಸಗಾರರು ಇನ್ನೂ ಬಹಳ ಜನ ಇದ್ದರು. ಅವರ ಮದುವೆಗಳು ಅರಮನೆಯಲ್ಲಿ ಆಗಲಿಲ್ಲ.

1910ರಲ್ಲಿ ಐದನೇ ಜಾರ್ಜ್ ಪಟ್ಟಕ್ಕೆ ಬಂದ. ಇವನು ಬೆಳೆದದ್ದು ನೌಕಾಪಡೆಯಲ್ಲಿ. ಹನ್ನೆರಡನೇ ವಯಸ್ಸಿಗೆ ತರಬೇತಿ ಹಡಗು ಹತ್ತಿದವನು, 1892ರಲ್ಲಿ ಅಣ್ಣ ತೀರಿಕೊಂಡಿರದಿದ್ದರೆ ನಾವಿಕನಾಗೇ ಉಳಿಯುತ್ತಿದ್ದ. ಬೆಂಗಳೂರಿನವರಿಗೆ ಇವನು ಅಷ್ಟೇನೂ ಅಪರಿಚಿತನಲ್ಲ. ಕಬ್ಬನ್ ಪಾರ್ಕಿನ ತುದಿಯಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆಯಲ್ಲ, ಅದರ ಪರದೆ ಸರಿಸಿದವನು ಇವನೇ. 1906ರ ಫೆಬ್ರವರಿ 5ರಂದು, ಯುವರಾಜನಾಗಿ ಭಾರತ ಪ್ರವಾಸಕ್ಕೆ ಬಂದಾಗ. ಆ ಪ್ರವಾಸದಲ್ಲಿ ಭಾರತೀಯ ಸೇನೆಯ ಕುದುರೆ ಪಡೆಯ ಕ್ಲೈವ್ ವಿಗ್ರಮ್ ಎಂಬ ಅಧಿಕಾರಿ ಜೊತೆಗಿದ್ದ. ಜಾರ್ಜ್‌ಗೆ ಇಷ್ಟವಾದ. ಮುಂದೆ ಅರಮನೆಯ ಸಹಾಯಕ ಕಾರ್ಯದರ್ಶಿಯಾದ. ಅವನ ಮೇಲಿನ ಮುಖ್ಯ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಮ್‌ಫರ್ಡಮ್ ಕೂಡ ಹಳೇ ಫಿರಂಗಿ ದಳದವನು, 1879ರ ಜುಲು ಯುದ್ಧ ನೋಡಿದವನು. ಅಂದರೆ ರಾಜನ ಟಪಾಲು ಒಡೆಯುವ ಇಬ್ಬರೂ ಮಾಜಿ ಸೈನಿಕರು. ಜನರಲ್ ಒಬ್ಬನಿಗೆ ರಾಜನಿಗೆ ಏನೋ ಮುಟ್ಟಿಸಬೇಕು ಅಂದರೆ ಮಂತ್ರಿಯ ಬಾಗಿಲು ತಟ್ಟಬೇಕಿಲ್ಲ. ಹಳೇ ಗೆಳೆಯನಿಗೆ ಸುಮ್ನೆ ಒಂದು ಕಾಗದ ಬರೆದರೆ ಸಾಕು.

ಜಾರ್ಜ್ ಸೇನೆಯ ಜೊತೆ ಕಾಣಿಸಿಕೊಳ್ಳುವುದನ್ನು ಶ್ರದ್ಧೆಯಿಂದ ಮಾಡಿದ. ಆಲ್ಡರ್‌ಶಾಟ್ ಶಿಬಿರದಲ್ಲಿ ತಂಗುತ್ತಿದ್ದ, ಅಣಕು ಯುದ್ಧಗಳನ್ನು ನೋಡಲು ಹೋಗುತ್ತಿದ್ದ. 1912ರ ಸೆಪ್ಟೆಂಬರಿನಲ್ಲಿ ಕೇಂಬ್ರಿಜ್ ಸುತ್ತಮುತ್ತ ನಡೆದ ದೊಡ್ಡ ಅಣಕು ಯುದ್ಧದಲ್ಲಿ ಹೇಗ್ ಒಂದು ಕಡೆ, ಜನರಲ್ ಗ್ರಿಯರ್ಸನ್ ಇನ್ನೊಂದು ಕಡೆ. ಗ್ರಿಯರ್ಸನ್ ಹೊಸ ವಿಮಾನಗಳಿಂದ ಎದುರಾಳಿ ಎಲ್ಲಿದ್ದಾನೆ ಅಂತ ನೋಡಿಸಿ, ತನ್ನವರನ್ನು ಬಚ್ಚಿಟ್ಟು, ಹೇಗ್‌ನನ್ನು ಚೆನ್ನಾಗಿ ಪೇಚಿಗೆ ಸಿಕ್ಕಿಸಿದ. ಆಮೇಲೆ ಟ್ರಿನಿಟಿ ಕಾಲೇಜಿನ ಹಾಲ್‌ನಲ್ಲಿ ರಾಜನ ಎದುರಿಗೆ ಸಭೆ. ಹೇಗ್ ಬರೆದುಕೊಂಡು ಬಂದದ್ದನ್ನು ಬಿಟ್ಟು ಬಾಯಿಮಾತಿನಲ್ಲಿ ಹೇಳಲು ಹೋಗಿ ತೊದಲಿದ, ಯಾರಿಗೂ ಏನೂ ಅರ್ಥವಾಗಲಿಲ್ಲ. ಅವನ ಮೇಲಿನ ರಾಜನ ವಿಶ್ವಾಸಕ್ಕೆ ಇದರಿಂದ ಏನೂ ಕುಂದಾಗಲಿಲ್ಲ.

ಇನ್ನು ಆ ಕಾಲದ ಸಮವಸ್ತ್ರದ ತಮಾಷೆ. ಯುರೋಪಿನ ರಾಜರೆಲ್ಲ ಒಬ್ಬರಿಗೊಬ್ಬರು ನೆಂಟರು, ರೆಜಿಮೆಂಟುಗಳನ್ನು ಹಬ್ಬದ ಉಡುಗೊರೆ ಥರ ಹಂಚಿಕೊಳ್ಳುತ್ತಿದ್ದರು. ಜರ್ಮನಿಯ ಕೈಸರ್ ವಿಲ್ಹೆಲ್ಮ್ ಬ್ರಿಟನ್ನಿನ ರಾಯಲ್ ಡ್ರಗೂನ್ಸ್ ದಳದ ಗೌರವ ಕರ್ನಲ್, 1901ರಿಂದ ಬ್ರಿಟಿಷ್ ಫೀಲ್ಡ್ ಮಾರ್ಷಲ್ ಕೂಡ. ಆಸ್ಟ್ರಿಯಾದ ಫ್ರಾನ್ಸ್ ಜೋಸೆಫ್ ಕಿಂಗ್ಸ್ ಡ್ರಗೂನ್ ಗಾರ್ಡ್ಸ್ ದಳದ ಕರ್ನಲ್. ಆ ದಳದವರು ಟೋಪಿಯ ಮೇಲೆ ಆಸ್ಟ್ರಿಯಾದ ಎರಡು ತಲೆಯ ಹದ್ದನ್ನೇ ಹಾಕಿಕೊಂಡಿದ್ದರು! 1913ರ ಮೇ ತಿಂಗಳಲ್ಲಿ ಕೈಸರ್ ಮಗಳ ಮದುವೆಗೆ ಬರ್ಲಿನ್ನಿಗೆ ಹೋದ ಜಾರ್ಜ್ ಜರ್ಮನ್ ಸಮವಸ್ತ್ರ ತೊಟ್ಟು ರಷ್ಯಾದ ಝಾರ್ ನಿಕೊಲಾಸ್ ಜೊತೆ ನಿಂತ ಫೋಟೋ ಇದೆ. ಹದಿನೈದು ತಿಂಗಳ ನಂತರ ಅದೇ ಜರ್ಮನಿಯ ಮೇಲೆ ಯುದ್ಧ. ರಾಜರ ನೆಂಟಸ್ತನದಿಂದ ಯುದ್ಧ ನಿಲ್ಲುತ್ತದೆ ಅಂತ ಆಗ ನಂಬಿದವರನ್ನು ನೋಡಿ ಈಗ ನಗುವುದು ಸುಲಭ.

ಈಗ ಐರ್ಲೆಂಡ್. ನನಗೆ ಮುಖ್ಯ ಅನ್ನಿಸುವ ಭಾಗ ಇದೇ.

ಆಸ್ಕ್ವಿತ್ ಸರ್ಕಾರ 1912ರಲ್ಲಿ, ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿಗೆ ಸ್ವಂತ ಪಾರ್ಲಿಮೆಂಟ್ ಕೊಡುವ ಹೋಮ್ ರೂಲ್ ಮಸೂದೆ ತಂದಿತು. ಉತ್ತರದ ಅಲ್ಸ್ಟರ್ ಭಾಗದ ಪ್ರಾಟೆಸ್ಟಂಟರು ಒಪ್ಪಲಿಲ್ಲ. ಸ್ವಂತ ಪಡೆ ಕಟ್ಟಿ ಕವಾಯತು ಶುರುಮಾಡಿದರು. ಅವರ ಘೋಷಣೆ ‘ರಾಜನಿಗೆ ನಾವು ನಿಷ್ಠರು’. ಸರ್ಕಾರ ಹೇಳುವುದು ‘ಕಾನೂನು ರಾಜನದು’. ಇಬ್ಬರ ಬಾಯಲ್ಲೂ ರಾಜನೇ. ಇವರನ್ನು ಬಗ್ಗಿಸಲು ಸೇನೆ ಬೇಕಾದರೆ? ಆ ಸೇನೆಯ ಅಧಿಕಾರಿಗಳಲ್ಲಿ ಐರ್ಲೆಂಡಿನ ಪ್ರಾಟೆಸ್ಟಂಟ್ ಜಮೀನುದಾರರ ಮಕ್ಕಳೇ ಬಹಳ.

ರಾಜನಿಗೆ ಇದು ಮೊದಲೇ ಹೊಳೆದಿತ್ತು. 1913ರ ಸೆಪ್ಟೆಂಬರ್ 22ರಂದು ಆಸ್ಕ್ವಿತ್‌ಗೆ ಉದ್ದನೆಯ ಪತ್ರ ಬರೆದ. ಸಿಪಾಯಿಗಳಿಗೂ ಹುಟ್ಟು, ಧರ್ಮ, ಪರಿಸರ ಅಂತ ಇರುತ್ತದೆ, ಈ ವಿಷಯದಲ್ಲಿ ಅವರಿಗೂ ಬಲವಾದ ಭಾವನೆ ಇರಬಹುದು; ಅವರ ಶಿಸ್ತು, ನಿಷ್ಠೆಯ ಮೇಲೆ ಇಂಥ ಒತ್ತಡ ಹೇರುವುದು ಜಾಣತನವೇ, ಸೇನೆಯ ಮುಖ್ಯಸ್ಥನಾದ ರಾಜನಿಗೆ ಇದು ನ್ಯಾಯವೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಕೇಳಿದ್ದು ಬಿಟ್ಟರೆ ಅವನು ಮಾಡಬಹುದಾದ್ದು ಏನೂ ಇರಲಿಲ್ಲ. ಇತ್ತ ವಿರೋಧ ಪಕ್ಷದ ಬೋನಾರ್ ಲಾ ಇನ್ನೊಂದು ಉಪಾಯ ಯೋಚಿಸುತ್ತಿದ್ದ. ಸೇನೆಯ ವಾರ್ಷಿಕ ಕಾನೂನು ಅಂದೆನಲ್ಲ, ಅಂಗಡಿ ಲೈಸೆನ್ಸು? ಅದನ್ನು ಲಾರ್ಡ್ಸ್ ಸಭೆಯಲ್ಲಿ ತಿದ್ದಿ, ಅಲ್ಸ್ಟರ್ ಮೇಲೆ ಸೇನೆ ಬಳಸದಂತೆ ಮಾಡಿದರೆ ಹೇಗೆ ಅಂತ. ಜರ್ಮನಿ ಮಗ್ಗುಲಲ್ಲಿ ಇರುವಾಗ ಇಂಥ ಯೋಚನೆ! ಕೊನೆಗೆ ಕೈಬಿಟ್ಟ, ಪುಣ್ಯಕ್ಕೆ.

1914ರ ಮಾರ್ಚ್ 20, ಶುಕ್ರವಾರ. ಐರ್ಲೆಂಡಿನ ಸೇನಾ ಮುಖ್ಯಸ್ಥ ಆರ್ಥರ್ ಪ್ಯಾಜೆಟ್ ಡಬ್ಲಿನ್ನಿನಲ್ಲಿ ಹಿರಿಯ ಅಧಿಕಾರಿಗಳನ್ನು ಕರೆದ. ಯುದ್ಧಮಂತ್ರಿ ಸೀಲಿಯಿಂದ ಲಂಡನ್ನಿನಲ್ಲಿ ಬಾಯಿಮಾತಿನ ಸೂಚನೆ ತಂದಿದ್ದ. ಅದನ್ನು ಅವನು ಹೇಳಿದ ರೀತಿ ಹೀಗೆ: ಅಲ್ಸ್ಟರಿನಲ್ಲೇ ಮನೆ ಇರುವ ಅಧಿಕಾರಿಗಳು ಸದ್ಯಕ್ಕೆ ಕಾಣೆಯಾಗಬಹುದು. ಬೇರೆಯವರು ಉತ್ತರಕ್ಕೆ ಹೋಗಲು ಒಪ್ಪದಿದ್ದರೆ ವಜಾ. ಈಗಲೇ ಹೇಳಿ. ಸೈನ್ಯದಲ್ಲಿ ಇದ್ದವರನ್ನು ಕೇಳಿ ನೋಡಿ, ಇಂಥ ಪ್ರಶ್ನೆ ಯಾರಾದರೂ ಕೇಳುತ್ತಾರಾ? ಆಜ್ಞೆ ಕೊಡುತ್ತಾರೆ, ಆಯ್ಕೆ ಕೊಡುವುದಿಲ್ಲ. ಮೂರನೇ ಕುದುರೆ ಬ್ರಿಗೇಡಿನ ಮುಖ್ಯಸ್ಥ ಹ್ಯೂಬರ್ಟ್ ಗಫ್ ಐರಿಷ್ ಮನೆತನದವನು. ಅವನ ಅಪ್ಪ, ಚಿಕ್ಕಪ್ಪ, ತಮ್ಮ ಮೂವರೂ ವಿಕ್ಟೋರಿಯಾ ಕ್ರಾಸ್ ಪಡೆದವರು. ರಾಣಿಯ ಪದಕ ಮೂರು ಇದ್ದ ಮನೆ. ಗಫ್ ಹೇಳಿದ: ವಜಾ ಮಾಡಿ. ಪ್ಯಾಜೆಟ್ ಲಂಡನ್ನಿಗೆ ತಂತಿ ಕಳಿಸಿದ: ಬ್ರಿಗೇಡಿಯರ್ ಮತ್ತು 57 ಅಧಿಕಾರಿಗಳು ಉತ್ತರಕ್ಕೆ ಹೋಗುವ ಬದಲು ವಜಾ ಆಗಲು ಸಿದ್ಧ.

ಇದನ್ನು ದಂಗೆ ಅಂತ ಕರೆಯುವ ರೂಢಿ ಇದೆ. ನಾನು ಒಪ್ಪುವುದಿಲ್ಲ. ಕೊಟ್ಟ ಆಜ್ಞೆಯನ್ನು ಯಾರೂ ಮೀರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರು, ಅಷ್ಟೆ.

ಆ ಬ್ರಿಗೇಡಿನಲ್ಲಿ ನಾಲ್ಕನೇ ಕ್ವೀನ್ಸ್ ಓನ್ ಹುಸಾರ್ಸ್ ಎಂಬ ದಳ ಇತ್ತು. 1896ರಲ್ಲಿ ಅದು ಬೆಂಗಳೂರು ದಂಡಿನಲ್ಲಿತ್ತು. ಆಗ ಅದರಲ್ಲಿದ್ದ ಒಬ್ಬ ಕಿರಿಯ ಅಧಿಕಾರಿ ವಿನ್ಸ್‌ಟನ್ ಚರ್ಚಿಲ್. ಹೌದು, ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದವನೇ. 1914ರಲ್ಲಿ ಅವನು ನೌಕಾಪಡೆಯ ಮಂತ್ರಿ. ಅಲ್ಸ್ಟರನ್ನು ಹೆದರಿಸಲು ಯುದ್ಧನೌಕೆಗಳನ್ನು ಸ್ಕಾಟ್ಲೆಂಡಿನ ಲಾಮ್ಲಾಷ್ ಕಡೆಗೆ ಹೊರಡಿಸಿದವನು. ಆಸ್ಕ್ವಿತ್ ಅದನ್ನು ತಡೆದ. ಇತ್ತ ಚರ್ಚಿಲ್‌ನ ಹಳೇ ದಳದವರು ಕರ್ರಾದಲ್ಲಿ ‘ಹೋಗುವುದಿಲ್ಲ’ ಅನ್ನುತ್ತಿದ್ದರು.

ರಾಜನಿಗೆ ಸಿಟ್ಟು ಬಂದದ್ದು ಪೇಪರಿನಿಂದ ತಿಳಿದದ್ದಕ್ಕೆ ಮಾತ್ರ ಅಲ್ಲ. ಉಳಿದ ಅಧಿಕಾರಿಗಳನ್ನು ಒಪ್ಪಿಸಲು ಐದನೇ ಡಿವಿಷನ್ನಿನ ಜನರಲ್ ಫರ್ಗೂಸನ್ ಮತ್ತು ಪ್ಯಾಜೆಟ್ ರಾಜನ ಹೆಸರನ್ನೇ ಬಳಸಿದ್ದರು. ಇದು ರಾಜನ ಒಪ್ಪಿಗೆ ಇರುವ ಆಜ್ಞೆ ಅಂತ. ಜಾರ್ಜ್‌ಗೆ ಗೊತ್ತೇ ಇಲ್ಲ! ವಿಪರ್ಯಾಸ ನೋಡಿ, ಆ ಹೆಸರು ಹೇಳಿದಾಗ ಹಲವರು ಒಪ್ಪಿದರು. ಮಂತ್ರಿಯ ಮಾತಿಗೆ ಬಗ್ಗದವರು, ಏನೂ ತಿಳಿಯದ ರಾಜನ ಹೆಸರಿಗೆ ಬಗ್ಗಿದರು.

ಸೋಮವಾರ ಮಾರ್ಚ್ 23. ಗಫ್ ಲಂಡನ್ನಿಗೆ ಬಂದು, ಅಲ್ಸ್ಟರ್ ಮೇಲೆ ನಮ್ಮನ್ನು ಬಳಸುವುದಿಲ್ಲ ಅಂತ ಬರೆದುಕೊಡಿ ಎಂದ. ಮಂತ್ರಿಮಂಡಲ ಒಂದು ಹೇಳಿಕೆ ಸಿದ್ಧ ಮಾಡಿತು. ಆ ಹೊತ್ತಿಗೆ ಯುದ್ಧಮಂತ್ರಿ ಸೀಲಿ ಅಲ್ಲಿರಲಿಲ್ಲ. ಎಲ್ಲಿದ್ದ? ಅರಮನೆಯಲ್ಲಿ, ರಾಜನಿಗೆ ಸಮಜಾಯಿಷಿ ಹೇಳುತ್ತಿದ್ದ. ವಾಪಸ್ ಬಂದಾಗ ಎಲ್ಲರೂ ಊಟಕ್ಕೆ ಏಳುತ್ತಿದ್ದರು. ಕಾಗದ ನೋಡಿದ, ಸಾಲದು ಅನ್ನಿಸಿತು, ಎರಡು ಪ್ಯಾರಾ ತಾನೇ ಸೇರಿಸಿದ. ಹೋಮ್ ರೂಲ್ ವಿರೋಧಿಸುವವರನ್ನು ಬಗ್ಗುಬಡಿಯಲು ಸೇನೆ ಬಳಸುವ ಇರಾದೆ ಸರ್ಕಾರಕ್ಕಿಲ್ಲ ಎಂಬ ಅರ್ಥ ಬರುವ ಸಾಲುಗಳು. ಗಫ್ ಅದನ್ನೂ ಇನ್ನಷ್ಟು ಸ್ಪಷ್ಟ ಮಾಡಿಸಿಕೊಂಡ. ಜನರಲ್ ಸ್ಟಾಫ್ ಮುಖ್ಯಸ್ಥ ಜಾನ್ ಫ್ರೆಂಚ್, ನಾನೂ ಹೀಗೇ ಓದಿಕೊಳ್ಳುತ್ತೇನೆ ಎಂದು ಸಹಿ ಹಾಕಿದ. ಇಡೀ ಸರ್ಕಾರ ಒಬ್ಬ ಬ್ರಿಗೇಡಿಯರ್‌ಗೆ ಮುಚ್ಚಳಿಕೆ ಬರೆದುಕೊಟ್ಟ ಹಾಗಾಯಿತು. ಆಸ್ಕ್ವಿತ್ ಆ ಎರಡು ಪ್ಯಾರಾಗಳನ್ನು ತಳ್ಳಿಹಾಕಿದ. ಸೀಲಿ ಹೋದ, ಫ್ರೆಂಚ್ ಹೋದ. ಯುದ್ಧಖಾತೆಯನ್ನು ಪ್ರಧಾನಿಯೇ ಇಟ್ಟುಕೊಂಡ.

ಜುಲೈ 21ರಿಂದ ರಾಜ ಕೊನೆಯ ಪ್ರಯತ್ನ ಮಾಡಿದ. ಎಲ್ಲ ಪಕ್ಷದವರನ್ನೂ ಬಕಿಂಗ್‌ಹ್ಯಾಮ್ ಅರಮನೆಗೆ ಕರೆದು ಕೂರಿಸಿದ. ನಾಲ್ಕು ದಿನ ಫರ್ಮಾನಾ, ಟಿರೋನ್ ಎಂಬ ಎರಡು ಜಿಲ್ಲೆಗಳ ಗಡಿಯ ಮೇಲೆ ಚೌಕಾಸಿ. 24ಕ್ಕೆ ಮಾತು ಮುರಿಯಿತು. ಅದೇ ದಿನ ಮಂತ್ರಿಮಂಡಲ ಐರ್ಲೆಂಡ್ ಬಗ್ಗೆ ತಲೆಕೆಡಿಸಿಕೊಂಡು ಕೂತಿದ್ದಾಗ, ವಿದೇಶಾಂಗ ಮಂತ್ರಿ ಗ್ರೇ ಒಂದು ಕಾಗದ ಓದಿದ. ಆಸ್ಟ್ರಿಯಾ ಸರ್ಬಿಯಾಕ್ಕೆ ಕೊಟ್ಟ ಎಚ್ಚರಿಕೆ.

ಆಗಸ್ಟ್ 4ಕ್ಕೆ ಯುದ್ಧ. ಹಾಲ್ಡೇನ್ ಕಟ್ಟಿದ ಸೇನೆ ಫ್ರಾನ್ಸಿಗೆ ಹೊರಟಿತು. ಅದರ ದಂಡನಾಯಕ, ಮಾರ್ಚ್‌ನಲ್ಲಿ ಆ ಕಾಗದಕ್ಕೆ ಸಹಿ ಹಾಕಿ ಕೆಲಸ ಕಳೆದುಕೊಂಡ ಅದೇ ಜಾನ್ ಫ್ರೆಂಚ್. ಆಗಸ್ಟ್ 11ರಂದು ರಾಜ ಆಲ್ಡರ್‌ಶಾಟ್‌ಗೆ ಬಂದು ಹೊರಡುವವರನ್ನು ಬೀಳ್ಕೊಟ್ಟ. ಮಾತಿನ ನಡುವೆ ಹೇಗ್‌ನನ್ನು ಕೇಳಿದ: ಫ್ರೆಂಚ್ ಬಗ್ಗೆ ಏನನ್ನುತ್ತೀಯ? ಹೇಗ್ ಹೇಳಿದ: ನಿಷ್ಠೆಯಲ್ಲಿ ಸಂಶಯವಿಲ್ಲ, ಆದರೆ ಅವನ ಸ್ವಭಾವ ಮತ್ತು ಯುದ್ಧಜ್ಞಾನ ಈ ಕೆಲಸಕ್ಕೆ ಸಾಕೇ ಅನ್ನುವ ಅನುಮಾನ ಇದೆ. ಇದು ಗೊತ್ತಾಗಿದ್ದು ಹೇಗ್‌ನ ದಿನಚರಿಯಿಂದ. ತನ್ನ ಮೇಲಧಿಕಾರಿಯ ಬಗ್ಗೆ, ಯುದ್ಧಕ್ಕೆ ಹೊರಡುವ ವಾರದಲ್ಲಿ, ಮಂತ್ರಿಗೆ ಹೇಳದ ಮಾತನ್ನು ರಾಜನಿಗೆ ಹೇಳಿದ. ಒಂದು ವರ್ಷ ನಾಲ್ಕು ತಿಂಗಳಿಗೆ ಫ್ರೆಂಚ್ ಜಾಗದಲ್ಲಿ ಹೇಗ್ ಕೂತ.

ಗಫ್‌ನ ಬ್ರಿಗೇಡೂ ಆ ಆಗಸ್ಟಿನಲ್ಲೇ ಫ್ರಾನ್ಸಿಗೆ ಹಡಗು ಹತ್ತಿತು, ಬೆಂಗಳೂರಿನಲ್ಲಿದ್ದ ಆ ಹುಸಾರ್ಸ್ ದಳವೂ ಸೇರಿ. ಈ ಸಲ ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರೂ ಬರೆದುಕೊಡಿ ಅನ್ನಲಿಲ್ಲ.